‘ಗಾಸಿಪ್’ ಹುಟ್ಟಿದ್ದು ಹೆಂಡದಂಗಡಿಯಲ್ಲಲ್ಲ, ಮಗುವಿನ ಪಕ್ಕದಲ್ಲಿ

ಪ್ರಶ್ನೆ: ಸರ್, ನಾನು ತಿಪಟೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳಿಗೆ ಒಂದು ಇಂಗ್ಲಿಷ್ ಪದದ ಕಥೆ ಹೇಳುವುದು ನನ್ನ ರೂಢಿ. ಹೋದ ತಿಂಗಳು ವಾಟ್ಸಾಪಿನಲ್ಲಿ ಬಂದದ್ದನ್ನು ನಂಬಿ ‘ಗಾಸಿಪ್’ ಬಗ್ಗೆ ಹೇಳಿದೆ. ಹಿಂದಿನ ಕಾಲದಲ್ಲಿ ಇಂಗ್ಲೆಂಡಿನ ರಾಜಕಾರಣಿಗಳು ತಮ್ಮ ಆಳುಗಳಿಗೆ ‘ಗೋ, ಸಿಪ್’ ಅನ್ನುತ್ತಿದ್ದರಂತೆ. ಅಂದರೆ ಹೆಂಡದಂಗಡಿಗೆ ಹೋಗು, ಒಂದು ಗುಟುಕು ಕುಡಿಯುತ್ತಾ ಜನ ಏನು ಮಾತಾಡುತ್ತಾರೆ ಕೇಳಿಕೊಂಡು ಬಾ ಅಂತ. ಅದೇ ‘ಗಾಸಿಪ್’ ಆಯಿತಂತೆ. ಮಕ್ಕಳಿಗೆ ಭಾರೀ ಇಷ್ಟವಾಯಿತು. ಆಮೇಲೆ ವಾರ್ಷಿಕೋತ್ಸವಕ್ಕೆಂದು ಶೇಕ್ಸ್‌ಪಿಯರನ ‘ಎಂಟನೇ ಹೆನ್ರಿ’ ನಾಟಕದ ಕೊನೆಯ ದೃಶ್ಯವನ್ನು ಕನ್ನಡ ಮಾಡಲು ಕೂತೆ. ಅಲ್ಲಿ ರಾಜ, ಮಗಳ ನಾಮಕರಣಕ್ಕೆ ಬಂದ ದೊಡ್ಡವರನ್ನೆಲ್ಲ ಗೌರವದಿಂದ ‘ಗಾಸಿಪ್ಸ್’ ಎಂದು ಕರೆಯುತ್ತಾನೆ! ನಾನು ‘ನನ್ನ ಮಾನ್ಯ ಚಾಡಿಕೋರರೇ’ ಎಂದು ಬರೆದೆ. ನನ್ನ ಮಗಳು ಓದಿ ಬಿದ್ದು ಬಿದ್ದು ನಕ್ಕಳು. ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು, ‘ಅದು ಹೆಂಗಸರ ಬಾಯಿ ಮುಚ್ಚಿಸಲು ಗಂಡಸರು ಬೇಕಂತಲೇ ಕೆಡಿಸಿದ ಪದ, ಬಳಸಲೇಬಾರದು’ ಎಂದರು. ಯಾವುದು ನಿಜ? ಮಕ್ಕಳಿಗೆ ಸುಳ್ಳು ಹೇಳಿಬಿಟ್ಟೆನಾ? ನಾಟಕದಲ್ಲಿ ಏನು ಬರೆಯಲಿ? ಗಾಸಿಪ್‌ಗೆ ಕನ್ನಡದಲ್ಲಿ ಸರಿಯಾದ ಒಂದು ಪದವೇ ಇಲ್ಲವೇ?

ಉತ್ತರ: ಮೇಡಂ, ನಿಮ್ಮ ಪತ್ರ ಓದಿ ನಾನೂ ನಕ್ಕೆ. ಆದರೆ ನಿಮ್ಮನ್ನು ನೋಡಿ ಅಲ್ಲ, ನನ್ನ ಹಳೆಯ ದಿನಗಳು ನೆನಪಾಗಿ. ಮೇಷ್ಟ್ರ ಕೆಲಸದ ಮೊದಲ ನಾಲ್ಕೈದು ವರ್ಷ ನಾನು ತರಗತಿಯಲ್ಲಿ ‘ನ್ಯೂಸ್’ ಅಂದರೆ ನಾರ್ತ್, ಈಸ್ಟ್, ವೆಸ್ಟ್, ಸೌತ್ ಎಂದು ಬೋರ್ಡಿನ ಮೇಲೆ ದಿಕ್ಕುಗಳ ಚಿತ್ರ ಬರೆದು ಹೇಳುತ್ತಿದ್ದೆ. ಅದು ಶುದ್ಧ ಸುಳ್ಳು. ‘ನ್ಯೂ’ ಅಂದರೆ ಹೊಸದು, ‘ನ್ಯೂಸ್’ ಅಂದರೆ ಹೊಸ ಸಂಗತಿಗಳು, ಅಷ್ಟೇ. ಆಮೇಲೆ ನಿಘಂಟಿನ ಕೆಲಸಕ್ಕೆ ಬಿದ್ದು, ಒಂದೊಂದು ಪದ ಯಾವ ವರ್ಷ ಎಲ್ಲಿ ಮೊದಲು ಕಾಣಿಸಿತು ಎಂದು ಹುಡುಕುವುದೇ ದಿನದ ದುಡಿಮೆಯಾದ ಮೇಲೆ ಬುದ್ಧಿ ಬಂತು. ಹಾಗಾಗಿ ಮೊದಲ ಪ್ರಶ್ನೆಗೆ ನೇರ ಉತ್ತರ: ಹೌದು, ಆ ‘ಗೋ ಸಿಪ್’ ಕಥೆ ಸುಳ್ಳು. ಅನುಮಾನಕ್ಕೆ ಜಾಗವೇ ಇಲ್ಲದ ಸುಳ್ಳು.

ಹೇಗೆ ಗೊತ್ತು ಅಂತೀರಾ? ನಮ್ಮದೇ ಬೆಂಗಳೂರಿನ ಕಥೆ ತೆಗೆದುಕೊಳ್ಳಿ. ಹೊಯ್ಸಳ ರಾಜ ವೀರಬಲ್ಲಾಳ ಬೇಟೆಯಲ್ಲಿ ದಾರಿ ತಪ್ಪಿ ಬಂದ, ಒಬ್ಬ ಅಜ್ಜಿ ಅವನಿಗೆ ಬೆಂದ ಕಾಳು ಕೊಟ್ಟಳು, ಊರು ಬೆಂದಕಾಳೂರಾಯಿತು ಎಂದು ನಾವೆಲ್ಲ ಕೇಳಿಕೊಂಡೇ ಬೆಳೆದಿದ್ದೇವೆ. ಆದರೆ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಒಂದು ವೀರಗಲ್ಲಿದೆ. ಅದರಲ್ಲಿ ‘ಬೆಂಗಳೂರ ಕಾಳಗ’ದ ಮಾತಿದೆ. ಬಲ್ಲಾಳ ಬಂದದ್ದು 12ನೇ ಶತಮಾನದಲ್ಲಿ. ಅವನು ಕಾಳು ತಿನ್ನುವ ಮೂರು ಶತಮಾನ ಮೊದಲೇ ಊರಿಗೆ ಆ ಹೆಸರಿತ್ತು. ಕಥೆಗಿಂತ ಪದ ಹಳೆಯದಾದರೆ ಕಥೆ ಬಿದ್ದುಹೋಯಿತು ಅಂತಲೇ ಲೆಕ್ಕ.

ಗಾಸಿಪ್ ವಿಷಯದಲ್ಲೂ ಅದೇ ಲೆಕ್ಕ. 1014ರಲ್ಲಿ ಯಾರ್ಕಿನ ಆರ್ಚ್‌ಬಿಷಪ್ ವುಲ್ಫ್‌ಸ್ಟನ್ ಇಂಗ್ಲಿಷರಿಗೆ ಒಂದು ಕಟುವಾದ ಉಪದೇಶ ಮಾಡಿದ. ಡೆನ್ಮಾರ್ಕ್ ಕಡೆಯ ಡೇನರು ದೇಶದ ಮೇಲೆ ಬಿದ್ದು ಕೊಳ್ಳೆ ಹೊಡೆಯುತ್ತಿದ್ದ ಕಾಲ. ನಮ್ಮ ಪಾಪವೇ ನಮಗೆ ಈ ಗತಿ ತಂದಿತು ಎನ್ನುತ್ತಾ, ಜನ ತಮ್ಮ ‘ಗಾಡ್‌ಸಿಬ್’ಗಳನ್ನೂ ಧರ್ಮದ ಮಕ್ಕಳನ್ನೂ ಕೊಂದು ಹಾಳು ಮಾಡಿದರು ಎಂದು ಬೈದ. ಇವತ್ತಿನ ಗಾಸಿಪ್‌ನ ಹಳೆಯ ರೂಪ ಇದೇ. ಇಲ್ಲಿ ಹೆಂಡದಂಗಡಿ ಇಲ್ಲ, ರಾಜಕಾರಣಿ ಇಲ್ಲ, ಗುಟುಕು ಇಲ್ಲ. ‘ಸಿಪ್’ ಎನ್ನುವ ಕ್ರಿಯಾಪದ ಇಂಗ್ಲಿಷಿನ ಬರಹದಲ್ಲಿ ಕಾಣಿಸಿಕೊಳ್ಳುವುದೇ 14ನೇ ಶತಮಾನದ ಹೊತ್ತಿಗೆ. ಮಗ ಹುಟ್ಟಿದ ಮುನ್ನೂರು ವರ್ಷದ ಮೇಲೆ ಅಪ್ಪ ಹುಟ್ಟಿದ ಹಾಗಾಯಿತು ಅಲ್ವಾ?

‘ಗಾಡ್‌ಸಿಬ್’ ಎರಡು ಪದಗಳ ಜೋಡಿ. ಗಾಡ್ ಅಂದರೆ ದೇವರು. ಸಿಬ್ ಅಂದರೆ ನೆಂಟ, ಬಂಧು. ಇವತ್ತು ಒಡಹುಟ್ಟಿದವರಿಗೆ ಹೇಳುವ ‘ಸಿಬ್ಲಿಂಗ್’ ಒಳಗೆ ಕೂತಿರುವುದೂ ಇದೇ ಸಿಬ್. ಕ್ರೈಸ್ತರಲ್ಲಿ ಮಗುವಿಗೆ ದೀಕ್ಷಾಸ್ನಾನ ಮಾಡಿಸುವಾಗ, ಈ ಮಗುವಿನ ಧರ್ಮದ ಹೊಣೆ ನಮ್ಮದು ಎಂದು ಕೆಲವರು ನಿಲ್ಲುತ್ತಾರೆ. ಅವರು ಮಗುವಿಗೆ ಗಾಡ್‌ಫಾದರ್, ಗಾಡ್‌ಮದರ್. ಮಗುವಿನ ಹೆತ್ತವರಿಗೆ ಅವರು ಏನಾಗಬೇಕು? ಅದೇ ಗಾಡ್‌ಸಿಬ್. ದೇವರ ಎದುರು ಆದ ನೆಂಟರು. ಈ ನೆಂಟಸ್ತನ ಬಾಯಿಮಾತಿನದಲ್ಲ. ಆ ಕಾಲದ ಚರ್ಚಿನ ಕಟ್ಟಳೆಯಲ್ಲಿ ಇದು ರಕ್ತಸಂಬಂಧಕ್ಕೆ ಸಮ. ತನ್ನ ಮಗುವಿನ ಗಾಡ್‌ಫಾದರನನ್ನು ವಿಧವೆ ತಾಯಿ ಮದುವೆಯಾಗುವ ಹಾಗಿರಲಿಲ್ಲ. 14ನೇ ಶತಮಾನದ ಕೊನೆಯಲ್ಲಿ ಬರೆದ ಇಂಗ್ಲಿಷ್ ಕವಿ ಚಾಸರ್ ಕೂಡ ತನ್ನ ಕೃತಿಯ ಪಾದ್ರಿಯ ಬಾಯಲ್ಲಿ ಇದನ್ನೇ ಹೇಳಿಸುತ್ತಾನೆ: ಗಾಡ್‌ಸಿಬ್ ಜೊತೆ ಕೂಡುವುದು ಒಡಹುಟ್ಟಿದವನ ಜೊತೆ ಕೂಡಿದಷ್ಟೇ ಪಾಪ.

ಹಾಗಾದರೆ ಗಾಡ್‌ಸಿಬ್ ಒಳಗಿನ ಆ ‘ಡ್’ ಎಲ್ಲಿಗೆ ಹೋಯಿತು? ಬಾಯಲ್ಲಿ ಕರಗಿತು. ನಾವೂ ಹಾಗೇ ಮಾಡಿದ್ದೇವೆ. ನೆಯ್ ಅಂದರೆ ಜಿಡ್ಡು. ಎಳ್ಳಿನ ನೆಯ್, ಎಂದರೆ ಎಳ್+ನೆಯ್, ಸೇರಿ ಎಣ್ಣೆಯಾಯಿತು. ಬೆಳ್+ನೆಯ್, ಬಿಳಿಯ ನೆಯ್, ಬೆಣ್ಣೆಯಾಯಿತು. ಎರಡು ವ್ಯಂಜನ ಒಟ್ಟಿಗೆ ಬಂದಾಗ ನಾಲಿಗೆ ಸುಲಭದ ದಾರಿ ಹಿಡಿಯುತ್ತದೆ. ಇಂಗ್ಲಿಷಿನಲ್ಲೂ ‘ಗುಡ್’ ಮತ್ತು ‘ಸ್ಪೆಲ್’ ಸೇರಿ, ಎಂದರೆ ಒಳ್ಳೆಯ ಸುದ್ದಿ, ‘ಗಾಸ್ಪೆಲ್’ ಆದಾಗ ಇದೇ ‘ಡ್’ ಬಿದ್ದುಹೋಗಿದೆ. ನನ್ನ ಎಣ್ಣೆಯ ಉದಾಹರಣೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಒಂದು ಕಾಲಕ್ಕೆ ಎಳ್ಳಿನದು ಮಾತ್ರ ಎಣ್ಣೆ. ಈಗ ಕಡಲೆಕಾಯಿಯದೂ ಎಣ್ಣೆ, ತಲೆಗೆ ಹಚ್ಚುವುದೂ ಎಣ್ಣೆ, ಸೀಮೆಎಣ್ಣೆಯೂ ಎಣ್ಣೆ. ಯಾರೂ ಸಭೆ ಸೇರಿ ತೀರ್ಮಾನ ಮಾಡಲಿಲ್ಲ. ಪದ ಒಂದೊಂದೇ ಹೆಜ್ಜೆ ಜಾರಿತು, ಅಷ್ಟೇ.

ಗಾಸಿಪ್ ಕೂಡ ಹೀಗೇ ಜಾರಿದ್ದು. ಮೊದಲ ಹೆಜ್ಜೆ ಸಹಜವಾದದ್ದು. ಮಗುವಿನ ಹೊಣೆ ಹೊರಲು ಯಾರನ್ನು ಕರೆಯುತ್ತೀರಿ? ತೀರಾ ಹತ್ತಿರದವರನ್ನು. ಹಾಗಾಗಿ ಗಾಸಿಪ್ ಅಂದರೆ ಆಪ್ತ ಗೆಳತಿ ಅಥವಾ ಗೆಳೆಯ ಎಂದಾಯಿತು. ಚಾಸರನ ‘ಬಾತ್ ಊರಿನ ಹೆಂಗಸು’ ಎಂಬ ಪಾತ್ರ ಇದೆಯಲ್ಲ, ಐದು ಸಲ ಮದುವೆಯಾದವಳು, ಆಕೆ ತನ್ನ ಗೆಳತಿ ಆಲಿಸನ್‌ಳನ್ನು ಗಾಸಿಪ್ ಎಂದೇ ಕರೆಯುತ್ತಾಳೆ. ಗಂಡ ಗೋಡೆಗೆ ಉಚ್ಚೆ ಹೊಯ್ದರೂ ಅದನ್ನು ಅವಳಿಗೆ ಹೇಳದೆ ಇರುತ್ತಿರಲಿಲ್ಲ ಅನ್ನುತ್ತಾಳೆ. ನೋಡಿ, ಆಗಿನ್ನೂ ಗಾಸಿಪ್ ಅಂದರೆ ಗುಟ್ಟು ಹೇಳಿಕೊಳ್ಳುವ ಮನುಷ್ಯ. ಹೇಳುವ ಮಾತಿಗೆ ಆ ಹೆಸರು ಇನ್ನೂ ಬಂದಿಲ್ಲ.

ಎರಡನೇ ಹೆಜ್ಜೆ ಬಾಣಂತಿಯ ಕೋಣೆಯಲ್ಲಿ. ನನಗೆ ಈ ಇಡೀ ಕಥೆಯಲ್ಲಿ ಜಾಸ್ತಿ ಇಷ್ಟವಾಗುವ ಭಾಗ ಇದೇ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 16, 17ನೇ ಶತಮಾನದ ಇಂಗ್ಲೆಂಡಿನಲ್ಲಿ ಹೆರಿಗೆ ಎಂದರೆ ಪೂರ್ತಿ ಹೆಂಗಸರ ಲೋಕ. ನೋವು ಶುರುವಾದ ಕೂಡಲೇ ಸೂಲಗಿತ್ತಿಗೆ ಹೇಳಿಕಳಿಸುವುದು, ಜೊತೆಗೆ ನೆರೆಹೊರೆಯ ಗೆಳತಿಯರಿಗೆ. ಆ ಗೆಳತಿಯರೇ ‘ಗಾಸಿಪ್ಸ್’. ಕಿಟಕಿಗೆ ಪರದೆ ಎಳೆದು, ಬಾಗಿಲ ಸಂದು ಮುಚ್ಚಿ, ಬೆಂಕಿ ಹೊತ್ತಿಸಿ ಕೂರುತ್ತಿದ್ದರು. ಬಿಯರ್ ಅಥವಾ ವೈನಿಗೆ ಮೊಟ್ಟೆ, ಓಟ್ಸಿನ ಗಂಜಿ, ಸಕ್ಕರೆ, ಸಾಂಬಾರ ಪದಾರ್ಥ ಹಾಕಿ ಕಾಯಿಸಿದ ‘ಕಾಡಲ್’ ಎಂಬ ಬಿಸಿ ಪೇಯ ಬಾಣಂತಿಗೂ ಕೊಡುತ್ತಿದ್ದರು, ತಾವೂ ಕುಡಿಯುತ್ತಿದ್ದರು. ಒಂದು ತಿಂಗಳಷ್ಟು ಕಾಲ ಬಾಣಂತಿ ಹೊರಗೆ ಬರುವಂತಿರಲಿಲ್ಲ. ಗಂಡಸರಿಗೆ ಹೆರಿಗೆಯ ಕೋಣೆಗೆ ಪ್ರವೇಶವಿಲ್ಲ. ನಮ್ಮಲ್ಲಿ ಬಾಣಂತನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಡಲ್ ಬದಲು ಕಾಳುಮೆಣಸಿನ ಸಾರು ಅಂದುಕೊಂಡರಾಯಿತು.

ಆ ಕೋಣೆಯೊಳಗೆ ಬರೀ ಹರಟೆ ನಡೆಯುತ್ತಿತ್ತು ಅಂದುಕೊಳ್ಳಬೇಡಿ. ಮದುವೆಯಾಗದ ಹೆಣ್ಣು ಬಸುರಿಯಾಗಿದ್ದರೆ, ಹೆರಿಗೆ ನೋವಿನ ನಡುವೆಯೇ ಸೂಲಗಿತ್ತಿ ಮಗುವಿನ ತಂದೆ ಯಾರೆಂದು ಕೇಳುತ್ತಿದ್ದಳು. ಆ ಹೆಸರಿಗೆ ಕೋರ್ಟಿನಲ್ಲಿ ಬೆಲೆಯಿತ್ತು, ಮಗುವನ್ನು ಸಾಕುವ ಖರ್ಚು ಯಾರ ತಲೆಗೆ ಎಂದು ಅದರಿಂದಲೇ ತೀರ್ಮಾನವಾಗುತ್ತಿತ್ತು. ಅಂದರೆ ಊರಿನ ದೊಡ್ಡ ದೊಡ್ಡ ಗುಟ್ಟುಗಳು ಆ ಬಾಗಿಲ ಹಿಂದೆ ಹೊರಬೀಳುತ್ತಿದ್ದವು. ಹೊರಗೆ ನಿಂತ ಗಂಡಸಿಗೆ ಒಳಗಿನಿಂದ ನಗು ಕೇಳುತ್ತದೆ, ಪಿಸುಮಾತು ಕೇಳುತ್ತದೆ, ಏನು ಮಾತು ಎಂದು ಮಾತ್ರ ತಿಳಿಯುವುದಿಲ್ಲ. ನನ್ನ ಬಗ್ಗೆಯೇ ಇರಬಹುದಾ ಎಂಬ ಅನುಮಾನ ಬೇರೆ. ಗಾಸಿಪ್ ಪದಕ್ಕೆ ಕಹಿ ಹತ್ತಿದ್ದು ಈ ಹೊಸ್ತಿಲ ಮೇಲೆ ಎಂದು ನನ್ನ ಅಭಿಪ್ರಾಯ. ಒಳಗಿದ್ದವರಿಗೆ ಅದು ಗೆಳತಿಯ ಹೆಸರು. ಹೊರಗಿದ್ದವರಿಗೆ ಅದು ಬಾಯಿಬಡುಕಿಯ ಹೆಸರು. ಪೆನ್ನು ಹಿಡಿದು ಬರೆಯುತ್ತಿದ್ದವರು ಬಹುಪಾಲು ಹೊರಗಿದ್ದವರೇ.

ಎರಡೂ ಅರ್ಥ ಒಟ್ಟೊಟ್ಟಿಗೆ ಬದುಕಿದ್ದವು ಎನ್ನುವುದಕ್ಕೆ ನೀವು ಅನುವಾದ ಮಾಡುತ್ತಿರುವ ನಾಟಕಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ‘ಎಂಟನೇ ಹೆನ್ರಿ’ ಶೇಕ್ಸ್‌ಪಿಯರ್ ಮತ್ತು ಜಾನ್ ಫ್ಲೆಚರ್ ಸೇರಿ ಬರೆದದ್ದು. 1613ರ ಜೂನಿನಲ್ಲಿ ಗ್ಲೋಬ್ ರಂಗಮಂದಿರದಲ್ಲಿ ಅದರ ಪ್ರದರ್ಶನ ನಡೆಯುತ್ತಿದ್ದಾಗಲೇ ಬೆಂಕಿ ಹತ್ತಿ ಇಡೀ ಗ್ಲೋಬ್ ಸುಟ್ಟುಹೋಯಿತು. ಆ ನಾಟಕದಲ್ಲಿ ಗಾಸಿಪ್ಸ್ ಎಂದರೆ ಆರ್ಚ್‌ಬಿಷಪ್ ಕ್ರಾನ್ಮರ್, ನಾರ್ಫಕ್‌ನ ಮುದಿ ಡಚೆಸ್, ಡಾರ್ಸೆಟ್‌ನ ಮಾರ್ಶನೆಸ್. ಮಗು ಯಾರು? ಮುಂದೆ ರಾಣಿಯಾಗುವ ಎಲಿಜಬೆತ್. ಇಷ್ಟೆಲ್ಲ ಉಡುಗೊರೆ ತಂದು ಕೈ ಬಿಚ್ಚಿ ಖರ್ಚು ಮಾಡಿದ್ದೀರಿ ಎಂದು ರಾಜ ಉಪಚಾರದ ಮಾತಾಡುತ್ತಾನೆ. ಅದೇ 1613ರಲ್ಲಿ, ಥೇಮ್ಸ್ ನದಿಯ ಅದೇ ದಡದ ಸ್ವಾನ್ ರಂಗಮಂದಿರದಲ್ಲಿ ಥಾಮಸ್ ಮಿಡಲ್ಟನ್‌ನ ಒಂದು ಪ್ರಹಸನ ನಡೆಯಿತು. ಅಲ್ಲೂ ಮಗುವಿನ ದೀಕ್ಷಾಸ್ನಾನ, ಅಲ್ಲೂ ಗಾಸಿಪ್ಸ್. ಆದರೆ ಆ ಗಾಸಿಪ್ಸ್ ಮಿಠಾಯಿ ಬಾಚಿ ಬಾಚಿ ತಿನ್ನುತ್ತಾರೆ, ಕುಡಿದು ತೂರಾಡುತ್ತಾರೆ, ಬಾಯಿಗೆ ಬಂದದ್ದು ಮಾತಾಡುತ್ತಾರೆ. ಒಂದೇ ವರ್ಷ, ಒಂದೇ ಪಟ್ಟಣ, ಒಂದೇ ಪದ. ಅಲ್ಲಿ ಕೈಮುಗಿಯಬೇಕು, ಇಲ್ಲಿ ನಗಬೇಕು. ನಿಮಗೆ ಗೊಂದಲವಾದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಮುಂದಿನದು ಬೇಗ ಹೇಳಿಬಿಡುತ್ತೇನೆ. 1755ರಲ್ಲಿ ಸ್ಯಾಮುಯೆಲ್ ಜಾನ್ಸನ್ ತನ್ನ ನಿಘಂಟಿನಲ್ಲಿ ಗಾಸಿಪ್‌ಗೆ ಮೂರು ಅರ್ಥ ಕೊಟ್ಟ. ದೀಕ್ಷಾಸ್ನಾನದಲ್ಲಿ ಮಗುವಿನ ಪರವಾಗಿ ಉತ್ತರ ಹೇಳುವವರು. ಕುಡಿತದ ಜೊತೆಗಾರ. ಬಾಣಂತಿ ಕೋಣೆಯ ಹೆಂಗಸರ ಹಾಗೆ ಸುದ್ದಿ ಹೊತ್ತು ತಿರುಗುವವರು. ಏಳುನೂರು ವರ್ಷದ ದಾರಿಯನ್ನು ಮೂರು ಸಾಲಿನಲ್ಲಿ ಮಡಚಿಟ್ಟ ಹಾಗಿದೆ. (ಕ್ಲಬ್ಬಿನಲ್ಲಿ, ಹೋಟೆಲಿನಲ್ಲಿ ರಾತ್ರಿಯಿಡೀ ಮಾತಾಡಿಯೇ ಹೆಸರಾದ ಮನುಷ್ಯ ಈತ. ಅವನ ಮಾತನ್ನೆಲ್ಲ ಇನ್ನೊಬ್ಬ ಗಂಡಸು ಬರೆದಿಟ್ಟುಕೊಂಡು ದಪ್ಪ ಪುಸ್ತಕ ಮಾಡಿದ. ಅದನ್ನು ಮಾತ್ರ ಜೀವನಚರಿತ್ರೆ ಅಂದರು!) ಈ ಮೂರರಲ್ಲೂ ಗಾಸಿಪ್ ಇನ್ನೂ ಒಬ್ಬ ಮನುಷ್ಯನೇ. ಮನುಷ್ಯನನ್ನು ಬಿಟ್ಟು ಮಾತಿಗೇ ಆ ಹೆಸರು ಅಂಟಿದ್ದು 19ನೇ ಶತಮಾನದ ಆರಂಭದಲ್ಲಿ. ನಾವು ಬಳಸುವ ಗಾಸಿಪ್‌ಗೆ ಬರೀ ಇನ್ನೂರು ವರ್ಷ ವಯಸ್ಸು.

ಈ ದಾರಿ ಇಂಗ್ಲಿಷಿನದೊಂದೇ ಆಗಿದ್ದರೆ ಕಾಕತಾಳೀಯ ಅನ್ನಬಹುದಿತ್ತು. ಫ್ರೆಂಚಿನಲ್ಲಿ ‘ಕೊಮೇರ್’ ಎಂದರೆ ಮೂಲದಲ್ಲಿ ಮಗುವಿನ ಧರ್ಮಮಾತೆ. ಇವತ್ತು ಊರ ಸುದ್ದಿ ಆಡುವ ಹೆಂಗಸು. ‘ಕೊಮೆರಾಜ್’ ಎಂದರೆ ಗಾಸಿಪ್. ಸ್ಪ್ಯಾನಿಶ್‌ನಲ್ಲಿ ‘ಕೊಮಾದ್ರೆ’ ಧರ್ಮಮಾತೆ, ‘ಕೊಮಾದ್ರೆಯಾರ್’ ಎಂದರೆ ಸುದ್ದಿ ಆಡುವುದು, ‘ಕೊಮಾದ್ರೋನಾ’ ಎಂದರೆ ಸೂಲಗಿತ್ತಿ. ನೆಂಟಸ್ತನ, ಹೆರಿಗೆ, ಹರಟೆ, ಮೂರೂ ಒಂದೇ ಬೇರಿನಿಂದ. ಆ ಭಾಷೆಗಳಲ್ಲಿ ‘ಗೋ’ ಇಲ್ಲ, ‘ಸಿಪ್’ ಇಲ್ಲ. ವಾಟ್ಸಾಪ್ ಕಥೆಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕಾಗಿಲ್ಲ.

ಈಗ ನಿಮ್ಮ ಸಹೋದ್ಯೋಗಿಯ ಮಾತು. ಅವರದು ಪೂರ್ತಿ ತಪ್ಪಲ್ಲ, ಪೂರ್ತಿ ಸರಿಯೂ ಅಲ್ಲ. ಹೆಂಗಸರ ಮಾತಿನ ಮೇಲೆ ಆ ಕಾಲಕ್ಕೆ ನಿಜವಾದ ದಬ್ಬಾಳಿಕೆ ಇತ್ತು. ಸ್ಕಾಟ್ಲೆಂಡ್, ಇಂಗ್ಲೆಂಡುಗಳಲ್ಲಿ ‘ಬಾಯಿಬಡುಕಿ’ ಎನಿಸಿಕೊಂಡ ಹೆಂಗಸಿನ ತಲೆಗೆ ಕಬ್ಬಿಣದ ಕಡಿವಾಣ ಹಾಕಿ, ನಾಲಿಗೆ ಮೇಲೆ ಕಬ್ಬಿಣದ ಪಟ್ಟಿ ಒತ್ತಿ, ಬೀದಿಯಲ್ಲಿ ನಡೆಸುತ್ತಿದ್ದರು. ವಾಲ್ಟನ್ ಎಂಬ ಊರಿನ ಚರ್ಚಿನಲ್ಲಿದ್ದ ಅಂಥ ಕಡಿವಾಣದ ಮೇಲೆ 1633 ಎಂಬ ಇಸವಿಯೂ, ಹೆಂಗಸರ ನಾಲಿಗೆಗೆ ಇದು ಲಗಾಮು ಎಂಬರ್ಥದ ಪದ್ಯವೂ ಇದ್ದವು. ಜಗಳಗಂಟಿಯಾಗಿರುವುದು ಇಂಗ್ಲೆಂಡಿನ ಕಾನೂನಿನಲ್ಲಿ ಒಂದು ಅಪರಾಧವೇ ಆಗಿತ್ತು. ಆ ಅಪರಾಧವನ್ನು ಪುಸ್ತಕದಿಂದ ತೆಗೆದದ್ದು 1967ರಲ್ಲಿ! ಆದರೆ ಆ ಅಪರಾಧದ ಹೆಸರು ‘ಸ್ಕೋಲ್ಡ್’, ಗಾಸಿಪ್ ಅಲ್ಲ. ಗಾಸಿಪ್ ಪದವನ್ನು ಯಾರೋ ಆಜ್ಞೆ ಹೊರಡಿಸಿ ಕೆಡಿಸಲಿಲ್ಲ. ಗಂಡಸರಿಗೂ ಅದನ್ನು ಬಳಸುತ್ತಿದ್ದರು, ಜಾನ್ಸನ್ನನ ‘ಕುಡಿತದ ಜೊತೆಗಾರ’ನನ್ನು ನೋಡಿ. ಆ ಕಾಲದ ಗಾಳಿ ಯಾವ ಕಡೆಗಿತ್ತೋ ಪದ ಆ ಕಡೆಗೆ ವಾಲಿತು. ಗಾಳಿಯೇ ಇರಲಿಲ್ಲ ಅನ್ನುವುದೂ ತಪ್ಪು, ಯಾರೋ ಒಬ್ಬರು ಕೂತು ಊದಿದರು ಅನ್ನುವುದೂ ತಪ್ಪು.

ಬಳಸಬಾರದೇ? ನಾನು ಬಳಸುತ್ತೇನೆ. ಸುಮ್ನೆ ಒಂದು ವಿಷಯ ಗಮನದಲ್ಲಿಟ್ಟುಕೊಂಡಿರುತ್ತೇನೆ. ಅರಳಿಕಟ್ಟೆಯ ಮೇಲೆ ನಾಲ್ಕು ಗಂಡಸರು ಕೂತು ಊರವರ ಲೆಕ್ಕ ತೆಗೆದರೆ ಅದಕ್ಕೆ ‘ರಾಜಕೀಯ’ ಅನ್ನುತ್ತೇವೆ. ನಲ್ಲಿಯ ಹತ್ತಿರ ನಾಲ್ಕು ಹೆಂಗಸರು ಅದನ್ನೇ ಮಾಡಿದರೆ ಗಾಸಿಪ್. ಪದವನ್ನು ಬಿಟ್ಟರೆ ಈ ತಾರತಮ್ಯ ಹೋಗುವುದಿಲ್ಲ. ಎರಡೂ ಕಡೆಗೆ ಒಂದೇ ಪದ ಹಾಕಿದರೆ ಸ್ವಲ್ಪ ಹೋದೀತು. ಈಚೆಗೆ ವಿಜ್ಞಾನಿಗಳು ಹಾಗೆಯೇ ಮಾಡುತ್ತಿದ್ದಾರೆ. ರಾಬಿನ್ ಡನ್‌ಬಾರ್ ಎಂಬ ವಿದ್ವಾಂಸ 1996ರಲ್ಲಿ ಒಂದು ವಾದ ಮುಂದಿಟ್ಟ. ಮಂಗಗಳು ಒಂದರ ಮೈಯನ್ನು ಇನ್ನೊಂದು ಹೇನು ನೋಡುತ್ತಾ ಸ್ನೇಹ ಉಳಿಸಿಕೊಳ್ಳುವ ಹಾಗೆ ಮನುಷ್ಯರು ಒಬ್ಬರ ಬಗ್ಗೆ ಒಬ್ಬರು ಮಾತಾಡಿಕೊಂಡು ಗುಂಪು ಉಳಿಸಿಕೊಂಡರು, ಭಾಷೆ ಬೆಳೆದದ್ದೇ ಹಾಗೆ ಎಂದು. ಅವನ ಲೆಕ್ಕದಲ್ಲಿ ಗಾಸಿಪ್ ಎಂಬುದು ಬೈಗುಳವಲ್ಲ. ಕಂಪ್ಯೂಟರಿನವರಂತೂ ಇನ್ನೂ ಮುಂದೆ ಹೋಗಿದ್ದಾರೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಿಮ್ಮ ಹಳೆಯ ವಿದ್ಯಾರ್ಥಿ ಯಾರಾದರೂ ಇದ್ದರೆ ‘ಗಾಸಿಪ್ ಪ್ರೋಟೋಕಾಲ್’ ಅಂದರೇನು ಎಂದು ಕೇಳಿ. ನೂರಾರು ಕಂಪ್ಯೂಟರುಗಳಲ್ಲಿ ಒಂದೊಂದೂ ಅಕ್ಕಪಕ್ಕದ ಎರಡು ಮೂರಕ್ಕೆ ಸುದ್ದಿ ದಾಟಿಸುತ್ತಾ ಹೋಗುತ್ತದೆ. ಯಾವುದು ಕೆಟ್ಟು ನಿಂತಿದೆ ಎಂಬುದು ಸ್ವಲ್ಪ ಹೊತ್ತಿನಲ್ಲಿ ಎಲ್ಲಕ್ಕೂ ಗೊತ್ತಾಗಿರುತ್ತದೆ. ಊರಿನಲ್ಲಿ ಆಗುವುದೂ ಅದೇ ತಾನೆ.

ಇನ್ನು ಕನ್ನಡದ ಪದ. ನೀವು ‘ಚಾಡಿ’ ಆರಿಸಿದ್ದೇ ತಪ್ಪಾದದ್ದು. ಚಾಡಿಗೆ ಮೂರನೆಯವನೊಬ್ಬ ಬೇಕು, ಅವನಿಗೆ ಅಧಿಕಾರ ಇರಬೇಕು. ಅತ್ತೆಗೋ ಹೆಡ್‌ಮಾಸ್ಟರಿಗೋ ಹೇಳಿ ಒಬ್ಬರನ್ನು ಸಿಕ್ಕಿಹಾಕಿಸುವುದು ಚಾಡಿ. ಗಾಸಿಪ್‌ನಲ್ಲಿ ಆ ಉದ್ದೇಶ ಇರಲೇಬೇಕೆಂದಿಲ್ಲ. ‘ಹರಟೆ’ ತೀರಾ ಸಾಧು ಪದ. ಮಳೆಯ ಬಗ್ಗೆಯೂ ಹರಟಬಹುದು, ಲಘು ಪ್ರಬಂಧಕ್ಕೂ ಹರಟೆ ಎಂದೇ ಹೆಸರಿದೆ. ‘ಗಾಳಿಸುದ್ದಿ’ ಎಂದರೆ ನಿಜವೋ ಸುಳ್ಳೋ ತಿಳಿಯದ ಸುದ್ದಿ. ಪೆಟ್ರೋಲ್ ಬೆಲೆ ಏರುತ್ತದಂತೆ ಎಂಬುದು ಗಾಳಿಸುದ್ದಿ, ಅದನ್ನು ಗಾಸಿಪ್ ಅನ್ನುವುದಿಲ್ಲ. ‘ಗುಸುಗುಸು’ ಒಂದು ಸದ್ದು ಮಾತ್ರ. ನನ್ನ ಕೇಳಿದರೆ ಗಾಸಿಪ್‌ಗೆ ಅತಿ ಹತ್ತಿರದ್ದು ನಾಮಪದವಲ್ಲ, ಕ್ರಿಯಾಪದ: ಆಡಿಕೊಳ್ಳುವುದು. ‘ಜನ ಆಡಿಕೊಳ್ತಾರೆ’ ಎಂದು ಅಮ್ಮ ಹೇಳಿದಾಗ ಅದರಲ್ಲಿ ಎದುರಿಗಿಲ್ಲದ ಮನುಷ್ಯ, ಹಿಂದಿನ ಮಾತು, ಸ್ವಲ್ಪ ನಗು, ಸ್ವಲ್ಪ ವಿಷ, ಎಲ್ಲ ಬಂತು. ತೊಂದರೆ ಒಂದೇ, ಅದರಲ್ಲಿ ಕಹಿ ಸ್ವಲ್ಪ ಜಾಸ್ತಿ. ಗೆಳತಿಯರಿಬ್ಬರು ಖುಷಿಯಾಗಿ ಮಾಡುವ ಗಾಸಿಪ್‌ಗೆ ಅದು ಒಗ್ಗುವುದಿಲ್ಲ. ಅಲ್ಲಿ ‘ಗಾಸಿಪ್’ ಎಂದೇ ಬರೆಯಿರಿ, ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಒಂದು ಅಪಾಯ: ಕನ್ನಡದಲ್ಲಿ ಆ ಪದ ಸಿನಿಮಾ ಪುಟದಲ್ಲಿ ಬೆಳೆದದ್ದು. ಓದುವವರಿಗೆ ತಕ್ಷಣ ನಟ ನಟಿಯರ ನೆನಪು ಬರುತ್ತದೆ. ಅದೇ ಪುಟದಲ್ಲಿ ‘ಇಂಡಸ್ಟ್ರಿಯಲ್ಲಿ ನನಗೆ ಯಾರೂ ಗಾಡ್‌ಫಾದರ್ ಇಲ್ಲ’ ಎಂದು ಹೊಸ ಹೀರೋ ಹೇಳಿರುತ್ತಾನೆ. ಗಾಸಿಪ್, ಗಾಡ್‌ಫಾದರ್ ಎರಡೂ ಒಂದೇ ದೀಕ್ಷಾಸ್ನಾನದ ನೀರಿನಲ್ಲಿ ನೆನೆದ ಪದಗಳು ಎಂದು ಅವನಿಗೂ ಗೊತ್ತಿರುವುದಿಲ್ಲ, ಬರೆದವರಿಗೂ ಗೊತ್ತಿರುವುದಿಲ್ಲ.

ದೇವರ ಹೆಸರಿನ ಪದ ಹರಟೆಗೆ ಇಳಿಯುವುದು ವಿಚಿತ್ರ ಅನ್ನಿಸಿತೇ? ನಮ್ಮಲ್ಲೂ ಇದೆ. ರಾಮರಕ್ಷಾ ಸ್ತೋತ್ರದಲ್ಲಿ ‘ಲೋಕಾಭಿರಾಮ’ ಎಂದರೆ ಶ್ರೀರಾಮ. ಮಾತಿನಲ್ಲಿ ಲೋಕಾಭಿರಾಮ ಎಂದರೆ ಹೊತ್ತು ಹೋಗದ್ದಕ್ಕೆ ಆಡುವ ಮಾತು. ‘ನಿನ್ನ ಪುರಾಣ ಸಾಕು’, ‘ಅವನ ಹರಿಕಥೆ ಶುರುವಾಯಿತು’ ಎನ್ನುವಾಗ ನಾವು ವ್ಯಾಸರನ್ನೋ ಹರಿಯನ್ನೋ ನೆನೆಯುವುದಿಲ್ಲ.

ನಾಟಕಕ್ಕೆ ಬರೋಣ. ಹೆನ್ರಿಯ ಬಾಯಲ್ಲಿ ಏನಿಡಬೇಕು? ಕನ್ನಡದಲ್ಲಿ ಈ ನೆಂಟಸ್ತನಕ್ಕೆ ಅತಿ ಹತ್ತಿರದ ಮಾದರಿ ‘ಬೀಗರು’. ಅದೂ ರಕ್ತಸಂಬಂಧವಲ್ಲ, ಮಕ್ಕಳ ಮೂಲಕ ದೊಡ್ಡವರ ನಡುವೆ, ಶಾಸ್ತ್ರದ ಮೂಲಕ ಆಗುವ ಸಂಬಂಧ. ಆದರೆ ರಾಜ ‘ಬೀಗರೇ’ ಎಂದ ಕೂಡಲೇ ಸಭೆಯಲ್ಲಿದ್ದವರೆಲ್ಲ ಮದುವೆ ಯಾರದು ಎಂದು ನೋಡುತ್ತಾರೆ. ಹಸುಗೂಸಿಗೆ ಮದುವೆ ಮಾಡಿಸಿದ ಅಪವಾದ ನಿಮ್ಮ ಮೇಲೆ ಬರುತ್ತದೆ. ‘ಮಾನ್ಯ ಬಂಧುಗಳೇ’ ಎಂದರೆ ತಪ್ಪಿಲ್ಲ, ಆದರೆ ಅದು ಯಾವ ಭಾಷಣದಲ್ಲಾದರೂ ಬರುವ ಮಾತು, ಜೀವ ಇಲ್ಲ. ‘ಗಾಡ್‌ಫಾದರ್, ಗಾಡ್‌ಮದರ್‌ಗಳೇ’ ಎಂದರೆ ಮಕ್ಕಳ ನಾಲಿಗೆ ತೊಡರುತ್ತದೆ, ಜೊತೆಗೆ ಆ ಪದಗಳು ಮಗುವಿನ ಕಡೆಯಿಂದ ಕರೆಯುವವು, ಇಲ್ಲಿ ಕರೆಯುತ್ತಿರುವವನು ಮಗುವಿನ ಅಪ್ಪ. ನಾನಾಗಿದ್ದರೆ ‘ತೊಟ್ಟಿಲ ನೆಂಟರೇ’ ಎಂದು ಬರೆಯುತ್ತಿದ್ದೆ. ಇದು ನಿಘಂಟಿನಲ್ಲಿ ಸಿಗುವ ಪದವಲ್ಲ, ನಾನೇ ಈಗ ಕಟ್ಟಿದ್ದು. ಮೂಲದಲ್ಲಿ ಇರುವುದು ದೀಕ್ಷಾಸ್ನಾನವೇ ಹೊರತು ತೊಟ್ಟಿಲಲ್ಲ ಎಂದು ಯಾರಾದರೂ ತಕರಾರು ತೆಗೆದರೆ ಅವರ ಮಾತು ಸರಿ. ಆದರೆ ತಿಪಟೂರಿನ ಪ್ರೇಕ್ಷಕರಿಗೆ ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ಮಗು, ಉಡುಗೊರೆ ಹಿಡಿದ ದೊಡ್ಡವರು ಎದುರಿಗೇ ಕಾಣುತ್ತಿರುವಾಗ ಆ ಮಾತು ಕಿವಿಗೆ ಬಿದ್ದ ತಕ್ಷಣ ಹೊಂದಿಕೊಳ್ಳುತ್ತದೆ. ಇಷ್ಟವಾಗದಿದ್ದರೆ ‘ಮಾನ್ಯ ಬಂಧುಗಳೇ’ ಇದ್ದೇ ಇದೆ.

ಮುಂದೆ ಹಳೆಯ ಇಂಗ್ಲಿಷ್ ಪುಸ್ತಕದಲ್ಲಿ ಈ ಪದ ಸಿಕ್ಕಾಗಲೆಲ್ಲ ನಿಘಂಟು ತೆಗೆಯುವ ಮೊದಲು ಪುಸ್ತಕದ ಇಸವಿ ನೋಡಿ. ಆಮೇಲೆ ಯಾರು ಯಾರನ್ನು ಹಾಗೆ ಕರೆಯುತ್ತಿದ್ದಾರೆ ಎಂದು ನೋಡಿ. 1600ರ ಆಸುಪಾಸಿನದಾಗಿದ್ದು, ಹತ್ತಿರದಲ್ಲಿ ಎಲ್ಲಾದರೂ ಒಂದು ಮಗು ಇದ್ದರೆ ಚಾಡಿ, ಹರಟೆ ಎರಡನ್ನೂ ದೂರವಿಡಿ. ಅನುವಾದದಲ್ಲಿ ನಾನು ನೋಡಿರುವ ತಪ್ಪುಗಳಲ್ಲಿ ಬಹಳಷ್ಟು ಕಷ್ಟದ ಪದಗಳಿಂದ ಆದವಲ್ಲ. ಗೊತ್ತಿದೆ ಅಂದುಕೊಂಡ ಪದಗಳಿಂದ ಆದವು.

ಉಳಿದದ್ದು ಪ್ರಾರ್ಥನೆಯ ಹೊತ್ತಿನಲ್ಲಿ ಹೇಳಿದ ಕಥೆ. ಸುಮ್ಮನಿದ್ದುಬಿಡಬಹುದು, ಆದರೆ ಅಷ್ಟೊತ್ತಿಗೆ ಅದು ಮನೆಗಳಿಗೆ ಹೋಗಿ, ಅಪ್ಪ ಅಮ್ಮಂದಿರ ಫೋನಿನಿಂದ ಮತ್ತೆ ನಾಲ್ಕು ಗ್ರೂಪಿಗೆ ಹೋಗಿರುತ್ತದೆ. ‘ನಾನು ಹೇಳಿದ್ದು ತಪ್ಪು’ ಎಂದಷ್ಟೇ ಹೇಳಿದರೆ ಮಕ್ಕಳಿಗೆ ಹಳೆಯ ಕಥೆಯೇ ನೆನಪಿರುತ್ತದೆ, ಅದು ಅಷ್ಟು ಚೆನ್ನಾಗಿದೆ. ಅದರ ಬದಲು ಬೆಂದಕಾಳೂರಿನ ಕಥೆ ಯಾರಿಗೆ ಗೊತ್ತು ಎಂದು ಮೊದಲು ಕೇಳಿ. ಎಲ್ಲ ಕೈಗಳೂ ಮೇಲೇಳುತ್ತವೆ. ಆಮೇಲೆ ಬೇಗೂರಿನ ಕಲ್ಲಿನ ಇಸವಿ ಬೋರ್ಡಿನ ಮೇಲೆ ಬರೆಯಿರಿ, ಅದರ ಕೆಳಗೆ 1014 ಎಂದು ಬರೆಯಿರಿ. ಅಷ್ಟು ಮಾಡಿ ಸುಮ್ಮನೆ ನಿಂತರೆ ಹಿಂದಿನ ಬೆಂಚಿನ ಯಾವನಾದರೂ ಒಬ್ಬ ಹುಡುಗ, ‘ಮಿಸ್, ಹಾಗಾದ್ರೆ ಹೋದ ತಿಂಗಳು ನೀವು ಹೇಳಿದ್ದು?’ ಎಂದು ತಾನಾಗಿಯೇ ಕೇಳುತ್ತಾನೆ. ನನ್ನನ್ನು ಹಾಗೆ ಕೇಳಿದ ಹುಡುಗನೊಬ್ಬ ಈಗ ಇಂಗ್ಲಿಷ್ ಮೇಷ್ಟ್ರು.